ನೆಗೆಟಿವ್ ನಮ್ದು, ಮೋರೆ ಅವ್ರದ್ದು: ಶಿರಸಿಯ ಒಂದು ಕ್ಯಾಮೆರಾ ಅಂಗಡಿಯ ಕಥೆ

(ಮಾತಿನ ಲಿಖಿತ ರೂಪ. ಓದೋದಕ್ಕೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ನಿಮ್ಮ ಮನೆಯಲ್ಲಿ ಹಳೇ ಕಪ್ಪು-ಬಿಳುಪು ಫೋಟೊ ಇದ್ದರೆ ಒಮ್ಮೆ ಅದನ್ನು ತಿರುಗಿಸಿ ನೋಡಿ. ಮುಂದಿನ ಚಿತ್ರ ನಿಮಗೆ ಬಾಯಿಪಾಠ ಆಗಿರುತ್ತೆ, ಹಿಂಬದಿ ನೋಡಿರೋದಿಲ್ಲ. ಅಲ್ಲೊಂದು ರಬ್ಬರ್ ಸ್ಟಾಂಪು ಇರುತ್ತೆ, ನೇರಳೆ ಬಣ್ಣದ್ದು. ಸ್ಟುಡಿಯೊ ಹೆಸರು, ಊರು, ಕೆಳಗೆ ಪೆನ್ಸಿಲಲ್ಲಿ ಬರೆದ ಒಂದು ನಂಬರು. ಆ ನಂಬರು ಯಾಕೆ ಅಂತ ನಮ್ಮಲ್ಲಿ ಬಹಳ ಜನ ಕೇಳಿಯೇ ಇಲ್ಲ. ಇವತ್ತು ನಾನು ಮಾತಾಡೋದು ಆ ನಂಬರಿನ ಇನ್ನೊಂದು ತುದಿಯ ಬಗ್ಗೆ.

ನಾನು ಶಿರಸಿಯವಳು. ಪುಣೆಗೆ ಬಂದು ಹತ್ತೊಂಬತ್ತು ವರ್ಷ ಆಯ್ತು, ಇಲ್ಲಿ ನನ್ನ ಕೆಲಸಕ್ಕೂ ಫೋಟೊಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ನಮ್ಮ ದೊಡ್ಡಪ್ಪನಿಗೆ ಶಿರಸಿ ಪೇಟೆಯಲ್ಲಿ ಒಂದು ಅಂಗಡಿ ಇತ್ತು. ಮುಂದೆ ಕ್ಯಾಮೆರಾ, ರೋಲು, ಆಲ್ಬಂ ಮಾರೋ ಕಪಾಟು, ಹಿಂದೆ ಸ್ಟುಡಿಯೊ, ಅದರ ಹಿಂದೆ ಡಾರ್ಕ್‌ರೂಮು. ಅಂಗಡಿ ಹೆಸರು ಬೇಡ. ಶಿರಸಿಯವರಿಗೆ ಹೇಳದೇ ಗೊತ್ತಾಗುತ್ತೆ, ಉಳಿದವರಿಗೆ ಹೆಸರಿನಿಂದ ಉಪಯೋಗ ಇಲ್ಲ. ದೊಡ್ಡಪ್ಪ ಈಗಿಲ್ಲ. ಕಟ್ಟಡ ಮಾರಾಟ ಆಗಿದೆ. ಬರುವ ದೀಪಾವಳಿಯೊಳಗೆ ಖಾಲಿ ಮಾಡಿ ಕೊಡಬೇಕು. ಅಟ್ಟದ ಮೇಲೆ ಬಿಸ್ಕಿಟ್ ಡಬ್ಬಿಗಳಲ್ಲಿ, ಬ್ರೋಮೈಡ್ ಪೇಪರ್ ಬಂದ ಖಾಲಿ ಪೆಟ್ಟಿಗೆಗಳಲ್ಲಿ, ಒಂದು ಹಳೇ ಅಡಿಕೆ ಚೀಲದಲ್ಲಿ ಕೂಡ, ಆ ಊರಿನ ಮೂವತ್ತು-ನಲವತ್ತು ವರ್ಷದ ನೆಗೆಟಿವ್ ಕೂತಿದೆ. ಅದನ್ನೇನು ಮಾಡೋದು ಅನ್ನೋದು ನಮ್ಮ ಮನೆಯಲ್ಲಿ ಸದ್ಯದ ಜಗಳ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಅಂಗಡಿ. ಇಲ್ಲಿ ಕೂತವರಲ್ಲಿ ಮುಂಬೈಯವರು ಇದ್ದೀರಿ, ನಿಮಗೆ ಇದು ಹತ್ತಿರದ ವಿಷಯ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಕಾರವಾರ ಜಿಲ್ಲೆ ಅಂತಿದ್ದರು, ಇಂಗ್ಲಿಷಿನವರಿಗೆ ನಾರ್ತ್ ಕೆನರಾ. ಹಾಗಾಗಿ ನಮ್ಮವರಿಗೆ ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ದಾರಿ ಇದ್ದದ್ದು ಉತ್ತರದ ಕಡೆಗೆ. ಕ್ಯಾಮೆರಾ ಬಂದದ್ದೂ ಅದೇ ದಾರಿಯಲ್ಲಿ. ದೊಡ್ಡಪ್ಪ ರಾಜ್ಯ ಏಕೀಕರಣದ ಆಸುಪಾಸಿನಲ್ಲಿ ಅಂಗಡಿ ಹಾಕಿದಾಗ ಪೇಪರು, ಕೆಮಿಕಲ್ಲು, ಲೆನ್ಸು ಎಲ್ಲ ತಂದದ್ದು ಮುಂಬೈಯ ಫೋರ್ಟಿನಿಂದ. ಅಲ್ಲಿನ ಬೋರಾ ಬಜಾರ್ ಈಗಲೂ ಕ್ಯಾಮೆರಾದವರ ಬೀದಿ. ದೆಹಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ ಇದ್ದ ಹಾಗೆ. ರಾಜ್ಯ ಬದಲಾದ ಮೇಲೂ ಅವರು ವರ್ಷಕ್ಕೊಮ್ಮೆ ಮುಂಬೈಗೆ ಹೋಗೋದು ಬಿಡಲಿಲ್ಲ. ಬೆಂಗಳೂರಿಗೆ ಹೋಗಿ ಬಾ ಅಂದ್ರೆ, ‘ಅಲ್ಲಿ ಎಂತ ಇದ್ದು?’ ಅನ್ನೋರು.

ಫೋಟೊಗ್ರಫಿ ಭಾರತಕ್ಕೆ ಬಂದದ್ದು ತಡವಾಗಿ ಅಲ್ಲ, ಅದನ್ನೂ ಹೇಳಿಬಿಡ್ತೇನೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೇರ್ ತನ್ನ ವಿಧಾನ ಹೊರಗೆ ಹಾಕಿದ. ಮರುವರ್ಷವೇ ಕಲ್ಕತ್ತೆಯ ಪತ್ರಿಕೆಯಲ್ಲಿ ಕ್ಯಾಮೆರಾ ಮಾರಾಟದ ಜಾಹೀರಾತು ಬಂತು. 1854ರಲ್ಲಿ ಮುಂಬೈಯಲ್ಲಿ ಫೋಟೊಗ್ರಫಿಕ್ ಸೊಸೈಟಿ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ದೇವಸ್ಥಾನಗಳ ದೊಡ್ಡ ಫೋಟೊ ಪುಸ್ತಕವೇ ಲಂಡನ್ನಿನಿಂದ ಬಂತು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರಹದ ಜೊತೆ. ಅಂದರೆ ನಮ್ಮ ಕಲ್ಲಿನ ಕಂಬಗಳಿಗೆ ಫೋಟೊ ತೆಗೆಸಿಕೊಳ್ಳೋ ಭಾಗ್ಯ ನಮ್ಮ ಅಜ್ಜ-ಅಜ್ಜಿಗಿಂತ ತೊಂಬತ್ತು ವರ್ಷ ಮೊದಲೇ ಸಿಕ್ಕಿತ್ತು. ಮಹಾರಾಜರಿಗೆ, ನಿಜಾಮರಿಗೆ, ಸಾಹೇಬರಿಗೆ ಸಿಕ್ಕಿತ್ತು. ಹೈದರಾಬಾದಿನವರಿಗೆ ಲಾಲಾ ದೀನ್ ದಯಾಳ್ ಗೊತ್ತು. 1892ರಲ್ಲಿ ಅವರು ಪರದೆಯ ಹೆಂಗಸರಿಗೆಂದೇ ಬೇರೆ ಜನಾನಾ ಸ್ಟುಡಿಯೊ ಮಾಡಿದ್ದರು. ಆದರೆ ಅಡಿಕೆ ಸುಲಿಯೋ ಆಳಿಗೆ, ಗೇಣಿ ಒಕ್ಕಲಿಗೆ, ಕನ್ನಡ ಶಾಲೆ ಮಾಸ್ತರಿಗೆ ತನ್ನ ಮೋರೆ ಕಾಗದದ ಮೇಲೆ ಕಂಡದ್ದು ಇಂಥ ಪೇಟೆ ಅಂಗಡಿಗಳು ಬಂದ ಮೇಲೇ. ಛಾಯಾಗ್ರಹಣದ ಇತಿಹಾಸ ಬರೆಯೋರು ಈ ಅಂಗಡಿಗಳನ್ನು ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ, ಅದು ನನಗೆ ಸರಿ ಕಾಣೋದಿಲ್ಲ.

ದೊಡ್ಡಪ್ಪನ ಮೊದಲ ಕ್ಯಾಮೆರಾ ಸಾಗವಾನಿ ಮರದ್ದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲೋದು, ಕರಿಬಟ್ಟೆಯೊಳಗೆ ತಲೆ ಹಾಕಿ ನೋಡೋದು. ಅದರ ಹೆಸರು ವಾಗೀಶ್ವರಿ. ಅದೆಂಥ ಜರ್ಮನ್ ಕಂಪನಿ ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. (ನಗು) ಅದು ಕೇರಳದ ಆಲಪ್ಪುಳದ್ದು. ಅಲ್ಲೊಂದು ಮನೆತನ, ಸಂಗೀತದ ವಾದ್ಯ ಮಾಡೋದು, ರಿಪೇರಿ ಮಾಡೋದು ಅವರ ಕಸುಬು. ಅಂಗಡಿ ಹೆಸರು ಸರಸ್ವತಿಯದ್ದು. ಅವರ ಹತ್ತಿರ ಒಬ್ಬ ಸ್ಟುಡಿಯೊದವರು ಹರಿದ ಬೆಲ್ಲೋಸ್ ತಂದರು. ಬೆಲ್ಲೋಸ್ ಅಂದರೆ ಕ್ಯಾಮೆರಾದ ಹೊಟ್ಟೆ, ಮಡಿಕೆ ಮಡಿಕೆಯಾಗಿ ಹಿಂದೆ ಮುಂದೆ ಹೋಗೋದು. ಹಾರ್ಮೋನಿಯಂಗೂ ಅದೇ ಇರುತ್ತೆ ನೋಡಿ! ಅಲ್ಲಿ ಗಾಳಿ ಸೋರಬಾರದು, ಇಲ್ಲಿ ಬೆಳಕು. ಹೊಲಿದು ಕೊಟ್ಟರು. ಆಮೇಲೆ ಪೂರ್ತಿ ಕ್ಯಾಮೆರಾನೇ ಮಾಡೋಕೆ ಶುರು ಮಾಡಿದರು. 1940ರ ದಶಕದಲ್ಲಿ ಶುರುವಾದ ಆ ಮರದ ಪೆಟ್ಟಿಗೆ ದೇಶದ ಎಷ್ಟೋ ಸಣ್ಣ ಊರಿನ ಸ್ಟುಡಿಯೊಗಳಲ್ಲಿ ನಿಂತಿತು. ನಮ್ಮ ಅಂಗಡಿಯದ್ದಕ್ಕೆ ದೊಡ್ಡಪ್ಪ ಪ್ರತಿ ನವರಾತ್ರಿಗೆ ಅರಿಶಿನ ಕುಂಕುಮ ಹಚ್ಚೋರು. ವಾಗೀಶ್ವರಿ ಅಂತ ಹೆಸರಿದ್ದ ಮೇಲೆ ಬೇರೆ ಸರಸ್ವತಿ ಪೂಜೆ ಎಂಥಕ್ಕೆ?

ಸ್ಟುಡಿಯೊ ಒಳಗೆ ಎರಡು ಪರದೆ ಇತ್ತು. ಒಂದರಲ್ಲಿ ಮೆಟ್ಟಿಲು, ಕಂಬ, ಹೂಕುಂಡ, ದೂರದಲ್ಲಿ ಕೆರೆ. ಇನ್ನೊಂದು ಬರೀ ಬೂದಿ ಬಣ್ಣ, ಪಾಸ್‌ಪೋರ್ಟ್ ಸೈಜಿಗೆ. ಕಂಬದ ಪರದೆ ಬರೆದವರು ನಾಟಕ ಕಂಪನಿಗೆ ಸೀನರಿ ಬರೀತಿದ್ದವರು, ಹಾಗಾಗಿ ನಮ್ಮ ತಾಲೂಕಿನ ಅರ್ಧ ಜನ ಅರಮನೆಯ ಅಂಗಳದಲ್ಲಿ ನಿಂತಿದ್ದಾರೆ. ಗೂಟದ ಮೇಲೆ ಒಂದು ಕೋಟು. ಎಲ್ಲರಿಗೂ ಅದೇ ಕೋಟು. ಸಣ್ಣಗಿದ್ದವರಿಗೆ ಹಿಂದಿನಿಂದ ಪಿನ್ನು, ದಪ್ಪ ಇದ್ದವರಿಗೆ ಗುಂಡಿ ಬಿಚ್ಚಿ ಮೇಲೆ ಕೈ ಕಟ್ಟಿಸೋದು. ಒಂದು ಎಚ್‌ಎಂಟಿ ವಾಚು, ಪಟ್ಟಿ ಮಾತ್ರ ಗಟ್ಟಿ, ಒಳಗಿನ ಮಿಷನ್ನು ಯಾವಾಗಲೋ ಸತ್ತದ್ದು. ಎಷ್ಟೋ ಜನರ ಫೋಟೊದಲ್ಲಿ ಹತ್ತು ಗಂಟೆ ಹತ್ತು ನಿಮಿಷ. ನೆಗೆಟಿವ್ ನೋಡುವಾಗ ನಾನು ಮೊದಲು ಮಣಿಕಟ್ಟು ನೋಡ್ತೇನೆ. ಹತ್ತು-ಹತ್ತು ಇದ್ದರೆ ವಾಚು ನಮ್ಮದು.

ದೊಡ್ಡ ದುಡಿಮೆ ಮಾರಿಕಾಂಬಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಅಮ್ಮ ಗದ್ದುಗೆ ಏರಿದಾಗ ಸುತ್ತಲ ಜಿಲ್ಲೆಗಳ ಜನ ಬರ್ತಾರೆ. ಜಾತ್ರೆಯಲ್ಲಿ ಬೇರೆ ಊರಿಂದ ಬಂದ ಫೋಟೊದವರು ತಗಡಿನ ಶೆಡ್ಡು ಹಾಕೋರು, ಹಲಗೆ ವಿಮಾನ, ಹಲಗೆ ಬುಲೆಟ್ಟು, ಮೇಲೆ ಕೂತು ಫೋಟೊ. ದೊಡ್ಡಪ್ಪ ಅಷ್ಟಕ್ಕೆ ಇಳಿಯಲಿಲ್ಲ; ಆದರೆ ಆ ಒಂಬತ್ತು ದಿನ ಅಂಗಡಿ ಬಾಗಿಲು ರಾತ್ರಿ ಹನ್ನೆರಡಕ್ಕೂ ತೆರೆದಿರ್ತಿತ್ತು. ಜಾತ್ರೆಗೆ ಬಂದವರು ಹೊಸ ಬಟ್ಟೆಯಲ್ಲಿ ಇರ್ತಾರೆ, ಕೈಯಲ್ಲಿ ದುಡ್ಡು ಇರುತ್ತೆ, ಮನೆಯವರೆಲ್ಲ ಒಟ್ಟಿಗಿರ್ತಾರೆ. ಈ ಮೂರೂ ಒಟ್ಟಿಗೆ ಆಗೋ ದಿನ ಬಡವರ ಜೀವನದಲ್ಲಿ ಎಷ್ಟು ಸಲ ಬರುತ್ತೆ ಹೇಳಿ.

ಈಗ ಡಾರ್ಕ್‌ರೂಮಿಗೆ ಬನ್ನಿ, ನನಗೆ ತುಂಬ ಇಷ್ಟದ ಜಾಗ. ಕೆಂಪು ಬಲ್ಬು, ಮೂರು ಟ್ರೇ. ಮೊದಲನೆಯದು ಡೆವಲಪರ್, ಮೆಟಾಲ್ ಮತ್ತು ಹೈಡ್ರೊಕ್ವಿನೋನ್ ತೂಕ ಮಾಡಿ ಕಲಸಿದ್ದು. ಎರಡನೆಯದು ಹುಳಿ ನೀರು. ಮೂರನೆಯದು ಹೈಪೊ. ಕಾಗದ ಮೊದಲನೇ ಟ್ರೇಯಲ್ಲಿ ಮುಳುಗಿದಾಗ ಬೆಳ್ಳಗೇ ಇರುತ್ತೆ. ಹತ್ತು ಎಣಿಸೋದರೊಳಗೆ ಮೊದಲು ಕೂದಲು, ಹುಬ್ಬು, ಆಮೇಲೆ ಕಣ್ಣು ಬರುತ್ತೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರು ಬರಲಿಲ್ಲ. ಕೆಂಪು ಬೆಳಕು ಯಾಕೆ ಅಂದರೆ, ಆ ಬ್ರೋಮೈಡ್ ಕಾಗದಕ್ಕೆ ಕೆಂಪು ಕಾಣೋದಿಲ್ಲ. ನಮಗೆ ಬೆಳಕು, ಅದಕ್ಕೆ ಕತ್ತಲು.

ಹೈಪೊದ ಕೆಲಸ ಬೇರೆ. ಬೆಳಕು ತಾಗದ ಬೆಳ್ಳಿ ಲವಣವನ್ನು ಅದು ಕರಗಿಸಿ ತೊಳೆದು ಹಾಕುತ್ತೆ, ಇಲ್ಲದಿದ್ದರೆ ಹೊರಗೆ ತಂದ ಕೂಡಲೇ ಚಿತ್ರ ಪೂರ್ತಿ ಕಪ್ಪಾಗುತ್ತೆ. ಜಾನ್ ಹರ್ಷಲ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1819ರಲ್ಲೇ ಹೈಪೊದ ಈ ಗುಣ ಕಂಡುಹಿಡಿದಿದ್ದ. ಡಗೇರ್ ತನ್ನ ವಿಧಾನ ಹೊರಗೆ ಹಾಕೋ ಇಪ್ಪತ್ತು ವರ್ಷ ಮೊದಲು. ಹಳೇ ಹೈಪೊ ನೀರಲ್ಲಿ ಹಾಗೆ ಕರಗಿದ ಬೆಳ್ಳಿ ಇರುತ್ತೆ. ದೊಡ್ಡಪ್ಪ ಅದನ್ನು ಚರಂಡಿಗೆ ಚೆಲ್ಲುತ್ತಿರಲಿಲ್ಲ. ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಪಾತ್ರೆ ತಿಕ್ಕೋ ಕಬ್ಬಿಣದ ನಾರು ಅದರೊಳಗೆ ಮುಳುಗಿಸಿಡೋರು. ಕಬ್ಬಿಣ ಕರಗುತ್ತೆ, ಬೆಳ್ಳಿ ತಳಕ್ಕೆ ಕೂರುತ್ತೆ, ಕಪ್ಪು ಕೆಸರಿನ ಹಾಗೆ. ಅದನ್ನು ಕೊಳ್ಳೋದಕ್ಕೇ ಹುಬ್ಬಳ್ಳಿ ಕಡೆಯಿಂದ ಒಬ್ಬರು ಬರ್ತಿದ್ದರು. ಒಂದು ಸಲ ಮಾರದೇ ಅಕ್ಕಸಾಲಿಗರ ಹತ್ತಿರ ಕೊಟ್ಟು ಕಾಯಿಸಿ ದೊಡ್ಡಮ್ಮನಿಗೆ ಕುಂಕುಮದ ಬಟ್ಟಲು ಮಾಡಿಸಿದರು. ಊರವರ ಫೋಟೊದಲ್ಲಿ ಎಲ್ಲಿ ಬೆಳಕು ಬಿದ್ದಿಲ್ಲವೋ ಅಲ್ಲಿಯ ಬೆಳ್ಳಿ ಅದು. ಈಗಲೂ ಮನೆಯಲ್ಲಿದೆ.

ಇನ್ನೊಂದು ಗುಟ್ಟು. ಫಿಲ್ಮಿನ ಮೇಲೆ ಬೆಳ್ಳಿ ಹಿಡಿದಿಡೋದು ಜೆಲಟಿನ್. ಜೆಲಟಿನ್ ಮಾಡೋದು ದನದ ಎಲುಬು, ಚರ್ಮದಿಂದ. ದೊಡ್ಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ನಮ್ಮ ಅಜ್ಜಿ ಮಡಿ ಹೆಂಗಸು. ಅವಳು ದೇವರ ಕೋಣೆಯಲ್ಲೇ ಅಜ್ಜನ ಫೋಟೊ ಇಟ್ಟಿದ್ದಳು. ಕೊನೆಯವರೆಗೂ ದೊಡ್ಡಪ್ಪ ಬಾಯಿ ಬಿಡಲಿಲ್ಲ. (ನಗು)

ಜೆಲಟಿನ್ ಅಂದರೆ ಬೂಸ್ಟಿಗೆ ಊಟ ಹಾಕಿದ ಹಾಗೆ. ಮಲೆನಾಡು ಗೊತ್ತಲ್ಲ ನಿಮಗೆ. ಜೂನ್ ಬಂದರೆ ಚಪ್ಪಲಿಗೆ ಬೂಸ್ಟು, ಪೆಟ್ಟಿಗೆಯಲ್ಲಿನ ಪಂಚೆಗೆ ಬೂಸ್ಟು. ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಹಬ್ಬುತ್ತೆ, ಒಮ್ಮೆ ಹಬ್ಬಿದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತೆ. ಅದಕ್ಕೆ ಕ್ಯಾಮೆರಾ ಕಪಾಟಿನೊಳಗೆ ನಲವತ್ತು ಕ್ಯಾಂಡಲ್ಲಿನ ಬಲ್ಬು ಹಗಲು ರಾತ್ರಿ ಉರೀತಿತ್ತು. ಕರೆಂಟು ಹೋದ ದಿನ ಕಪಾಟಿನ ವಸ್ತುವೆಲ್ಲ ಮನೆಗೆ ಬಂದು ಅಡಿಗೆಮನೆ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಹಪ್ಪಳದ ಡಬ್ಬಿಯ ಜೊತೆ ಕೂರೋದು. ಪ್ರಿಂಟು ಒಣಗಿಸೋದೂ ಒಲೆ ಪಕ್ಕ. ಹಾಗಾಗಿ ಮಳೆಗಾಲದ ಫೋಟೊಗಳಿಗೆ ಹೊಗೆ ವಾಸನೆ.

ಅಂಗಡಿಯ ಮುಂದಿನ ಕಪಾಟಿಗೆ ಬರ್ತೇನೆ. ಹೊರದೇಶದ ಕ್ಯಾಮೆರಾ ತರಿಸೋದು ಆಗ ಲೈಸೆನ್ಸಿನ ಮಾತು, ಕಸ್ಟಮ್ಸಿನ ಮಾತು. ಜನರಿಗೆ ಸಿಕ್ಕಿದ್ದು ಬರೋಡದಲ್ಲಿ ತಯಾರಾಗ್ತಿದ್ದ ಆಗ್ಫಾ ಕ್ಲಿಕ್. 120 ರೋಲು, ಹನ್ನೆರಡು ಚಿತ್ರ. ಹಿಂದೆ ಒಂದು ಕೆಂಪು ಕಿಟಕಿ, ಅದರಲ್ಲಿ ನಂಬರು ನೋಡ್ತಾ ರೋಲು ತಿರುಗಿಸಬೇಕು. ಬಿಸಿಲಿದ್ದರೆ ಒಂದು ಗುರುತು, ಮೋಡವಿದ್ದರೆ ಇನ್ನೊಂದು, ಅಷ್ಟೇ. ಕೊಳ್ಳೋ ತಾಕತ್ತಿಲ್ಲದವರಿಗೆ ದೊಡ್ಡಪ್ಪ ದಿನಬಾಡಿಗೆಗೆ ಕೊಡ್ತಿದ್ದರು. ಮುಂಜಿ, ಮದುವೆ, ಶಾಲೆ ಟೂರು. ಹನ್ನೆರಡೇ ಚಿತ್ರ ಅಂದಾಗ ಜನ ಹೇಗೆ ಲೆಕ್ಕ ಹಾಕೋರು ಅನ್ನೋದನ್ನು ನೆಗೆಟಿವಲ್ಲಿ ನೋಡಬಹುದು. ಒಂದು ಮುಂಜಿಯ ರೋಲಲ್ಲಿ ಹನ್ನೊಂದು ಚಿತ್ರ ವಟುವಿನದ್ದು, ಹನ್ನೆರಡನೆಯದು ಹಸುವಿನದ್ದು. ಹಸು ಹಣೆಗೂ ಕುಂಕುಮ ಇದೆ. ಅದೇನು ತಪ್ಪಿ ಬಿದ್ದ ಚಿತ್ರ ಅಲ್ಲ, ಒಂದು ಚಿತ್ರ ಉಳಿಸಿಟ್ಟು ತೆಗೆದದ್ದು.

ಫಿಲ್ಮಿನದ್ದು ದೊಡ್ಡ ರಾಜಕಾರಣ. ಕೊಡ್ಯಾಕ್ ದುಬಾರಿ. ಓರ್ವೊ ಅಂತ ಪೂರ್ವ ಜರ್ಮನಿಯದ್ದು ಬರ್ತಿತ್ತು. ವೋಲ್ಫನ್ ಅನ್ನೋ ಊರಲ್ಲಿ ಹಿಂದೆ ಆಗ್ಫಾದ್ದೇ ಆಗಿದ್ದ ಕಾರ್ಖಾನೆ, ಯುದ್ಧ ಮುಗಿದು ದೇಶ ಎರಡಾದಾಗ ಆ ಕಡೆ ಉಳಿದುಕೊಂಡಿತು. ಸಮಾಜವಾದಿ ದೇಶಗಳ ಜೊತೆ ನಮ್ಮ ವ್ಯಾಪಾರ ರೂಪಾಯಿ ಲೆಕ್ಕದಲ್ಲಿ ನಡೀತಿದ್ದರಿಂದ ಡಾಲರ್ ಇಲ್ಲದ ದೇಶಕ್ಕೆ ಅದು ಬಂತು, ಶಿರಸಿಗೂ ಬಂತು. ಇನ್ನು ನಮ್ಮದೇ ಸರಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್, ಊಟಿಯಲ್ಲಿ. 1960ರಲ್ಲಿ ಸ್ಥಾಪನೆ, ಫ್ರಾನ್ಸಿನ ಒಂದು ಕಂಪನಿಯ ಸಹಾಯದಿಂದ 1967ರಲ್ಲಿ ಉತ್ಪಾದನೆ ಶುರು. ಫಿಲ್ಮಿಗೆ ಧೂಳಿಲ್ಲದ ತಣ್ಣನೆ ಗಾಳಿ ಬೇಕು, ಅದಕ್ಕೆ ಊಟಿ. ಅವರ ಬ್ರ್ಯಾಂಡಿನ ಹೆಸರು ‘ಇಂದು’. ದೊಡ್ಡಪ್ಪನಿಗೆ ಆ ಹೆಸರಿನ ಮೇಲೆ ಬಹಳ ಪ್ರೀತಿ. ಇಂದು ಅಂದರೆ ಚಂದ್ರ, ಬೆಳ್ಳಿ ಬಣ್ಣದವ. ಕನ್ನಡದಲ್ಲಿ ಇವತ್ತು ಅಂತಲೂ ಆಯಿತು. ‘ನಾಳೆ ಬಾ ಹೇಳೋ ಅಂಗಡೀಲಿ ಇಂದು ಮಾರ್ತೆ ನೋಡು’ ಅನ್ನೋರು, ಪ್ರಿಂಟು ಯಾವತ್ತೂ ಹೇಳಿದ ದಿನಕ್ಕೆ ಕೊಟ್ಟವರಲ್ಲ. ಆ ಕಾರ್ಖಾನೆ 1990ರ ದಶಕದಲ್ಲೇ ರೋಗಗ್ರಸ್ತ ಪಟ್ಟಿಗೆ ಬಂತು. ಆಮೇಲೆ ಮುಚ್ಚಿತು.

ಸ್ಟುಡಿಯೊಕ್ಕೆ ಬರೋ ಹೆಣ್ಣುಮಕ್ಕಳ ಬಗ್ಗೆ ಹೇಳಲೇಬೇಕು. ಮದುವೆ ಆಗೋ ಮೊದಲು ಹೆಣ್ಣು ಒಬ್ಬಳೇ ಫೋಟೊ ತೆಗೆಸಿಕೊಳ್ಳೋದು ಒಂದೇ ಕಾರಣಕ್ಕೆ, ಗಂಡಿನ ಮನೆಗೆ ಕಳಿಸೋದಕ್ಕೆ. ಅಪ್ಪನೋ ಅಣ್ಣನೋ ಜೊತೆಗೆ. ದೊಡ್ಡಮ್ಮ ಒಳಗಿಂದ ಬಂದು ಜಡೆ ಮುಂದೆ ಹಾಕಿ, ಸೆರಗು ಸರಿ ಮಾಡಿ, ಗಂಡಸರನ್ನು ಹೊರಗೆ ಕಳಿಸೋಳು. ದೊಡ್ಡಮ್ಮನ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ, ಆದರೆ ರೀಟಚ್ ಪೂರ್ತಿ ಅವಳದ್ದು. ರೀಟಚ್ ಅಂದರೆ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡೋದು. ನೆಗೆಟಿವಲ್ಲಿ ಎಲ್ಲ ಉಲ್ಟಾ. ಪೆನ್ಸಿಲಿನ ಕಪ್ಪು ಪ್ರಿಂಟಿನಲ್ಲಿ ಬಿಳುಪಾಗುತ್ತೆ. ಸಿಡುಬಿನ ಕಲೆ ತುಂಬೋಳು, ಕಣ್ಣ ಕೆಳಗಿನ ಕಪ್ಪು ತೆಗೆಯೋಳು, ಬಣ್ಣ ಒಂದು ಸುತ್ತು ಬೆಳ್ಳಗೆ ಮಾಡೋಳು. ಈಗ ಮೊಬೈಲಿನಲ್ಲಿ ಬೆರಳಿಟ್ಟರೆ ಆಗೋ ಕೆಲಸ ಅವಳು ಕಿಟಕಿ ಬೆಳಕಲ್ಲಿ ಎರಡು ಗಂಟೆ ಕೂತು ಮಾಡ್ತಿದ್ದಳು. ಆ ಫೋಟೊ ಐದು ಮನೆಗೆ ಹೋಗಿ ಐದು ಸಲ ತಿರುಗಿ ಬಂದದ್ದೂ ಇದೆ. ರಿಜಿಸ್ಟರಿನಲ್ಲಿ ಒಂದೇ ನಂಬರಿಗೆ ನಾಲ್ಕು ಸಲ ‘ಇನ್ನೊಂದು ಪ್ರತಿ’ ಅಂತ ಬರೆದಿದ್ದರೆ ಆ ಮನೆಯಲ್ಲಿ ಆ ವರ್ಷ ಏನು ನಡೀತು ಅಂತ ಊಹಿಸಬಹುದು. ನನಗೆ ಆ ರಿಜಿಸ್ಟರ್ ಓದೋಕೆ ಕಷ್ಟವಾಗುತ್ತೆ.

ಇನ್ನೊಂದು ಗಿರಾಕಿ ವರ್ಗ, ಸಾವಾದ ಮನೆಯವರು. ಹನ್ನೆರಡು-ಹದಿಮೂರನೇ ದಿನಕ್ಕೆ ಗೋಡೆಗೆ ಹಾಕೋಕೆ ಫೋಟೊ ಬೇಕು, ಮನುಷ್ಯನದ್ದು ಒಂದೂ ಫೋಟೊ ಇಲ್ಲ. ಆಗ ಶೋಧ ಶುರು. ಒಮ್ಮೆ ಒಬ್ಬ ಮುದುಕಿ ಬಂದದ್ದು ನನಗೇ ನೆನಪಿದೆ, ನಾನಾಗ ಆರನೇ ಕ್ಲಾಸು. ಕಾಡಂಚಿನ ಹಳ್ಳಿಯವಳು. ಗಂಡ ಕೂಲಿ ಕೆಲಸದವ. ‘ಒಂದ್ಸಲ ಯಾರ್ದೋ ಮದುವೇಲಿ ಚಪ್ರದ ಹತ್ರ ನಿಂತಿದ್ರು ಒಡೆಯಾ’ ಅಂದಳು. ಯಾರ ಮದುವೆ, ಯಾವ ವರ್ಷ ಅಂತ ಕೇಳಿ, ರಿಜಿಸ್ಟರು ಹುಡುಕಿ, ಡಬ್ಬಿ ಇಳಿಸಿ, ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದರೆ, ದಿಬ್ಬಣದ ಹಿಂದೆ, ಅಡಿಕೆ ಸೋಗೆ ಹೊತ್ತ ನಾಲ್ಕೈದು ಆಳುಗಳಲ್ಲಿ ಒಬ್ಬ. ಮೋರೆ ಹೆಸರುಕಾಳಿನಷ್ಟು. ದೊಡ್ಡಪ್ಪ ಎನ್‌ಲಾರ್ಜರನ್ನು ಮೇಲಕ್ಕೆ ಏರಿಸಿ, ಸಾಲದೆ ಅದನ್ನು ಗೋಡೆಗೆ ತಿರುಗಿಸಿ, ಎದುರು ಗೋಡೆಗೆ ಪೇಪರ್ ಪಿನ್ನು ಮಾಡಿ ದೊಡ್ಡದು ಮಾಡಿದರು. ಬರೀ ಕಾಳು ಕಾಳು ಬಂತು. ದೊಡ್ಡಮ್ಮ ಮೂರು ದಿನ ಕೂತು ಕಣ್ಣು ಬಿಡಿಸಿದಳು, ಸೋಗೆ ಹೊರೆ ತೆಗೆದಳು, ಎಲ್ಲರಿಗೂ ಹಾಕೋ ಹಾಗೆ ಕೋಟು ಹಾಕೋಕೆ ಹೊರಟಳು. ಮುದುಕಿ ಬೇಡ ಅಂದಳು. ‘ಕೋಟು ಹಾಕಿರೆ ನಂಗೆ ಗುರ್ತ ಸಿಕ್ಕೂದಿಲ್ಲ’ ಅಂದಳು. ಕಂಬಳಿಯಲ್ಲೇ ಬಿಟ್ಟರು. ಆ ಮನುಷ್ಯನ ಮೋರೆ ಪ್ರಪಂಚದಲ್ಲಿ ಇರೋದು ಎರಡೇ ಕಡೆ. ಒಂದು ಆ ಮನೆಯ ಗೋಡೆ, ಅದು ಉಳಿದಿದೆಯೋ ಇಲ್ಲವೋ. ಇನ್ನೊಂದು ನಮ್ಮ ಅಟ್ಟದ ಡಬ್ಬಿ.

ಕಲರ್ ಬಂದ ಮೇಲಿನ ಕಥೆ ಬೇಗ ಮುಗಿಸ್ತೇನೆ, ಅದು ನಿಮಗೆಲ್ಲ ಗೊತ್ತಿದ್ದದ್ದೇ. ಕಲರ್ ರೋಲು ನಮ್ಮ ಡಾರ್ಕ್‌ರೂಮಲ್ಲಿ ಆಗೋದಿಲ್ಲ, ಲ್ಯಾಬೇ ಬೇಕು. ಬೆಳಗಿನ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಹತ್ತಿರ ರೋಲಿನ ಚೀಲ, ನೂರು ಕಿಲೋಮೀಟರ್ ದಾರಿ, ಎರಡು ದಿನ ಬಿಟ್ಟು ಸಂಜೆ ಬಸ್ಸಿಗೆ ಪ್ರಿಂಟು ವಾಪಸ್. ಹಾಟ್‌ಶಾಟ್, ಯಾಶಿಕಾ, ಆಮೇಲೆ ಕೊಡ್ಯಾಕಿನ ಕೆಬಿ-10, ಮನೆ ಮನೆಗೆ ಕ್ಯಾಮೆರಾ ಹೋಯ್ತು. ಅಂಗಡಿಯಲ್ಲಿ ಮಾರಾಟ ಹೆಚ್ಚಿತು, ಕೈಕೆಲಸ ಕಡಿಮೆಯಾಯ್ತು. 1993ರಲ್ಲಿ ಟಿ.ಎನ್. ಶೇಷನ್ ಮತದಾರರಿಗೆ ಫೋಟೊ ಗುರುತಿನ ಚೀಟಿ ತಂದಾಗ ಎಲ್ಲ ಊರಿನ ಸ್ಟುಡಿಯೊದವರಿಗೂ ಒಂದು ಸುಗ್ಗಿ. ಅಲ್ಲಿಂದ ಹದಿನೈದು-ಇಪ್ಪತ್ತು ವರ್ಷ ಸಣ್ಣ ಊರಿನ ಅಂಗಡಿಯನ್ನು ಬದುಕಿಸಿದ್ದು ಪಾಸ್‌ಪೋರ್ಟ್ ಸೈಜ್ ಫೋಟೊವೇ ಹೊರತು ಮದುವೆ ಅಲ್ಲ. ಆಧಾರ್ ಬಂದಾಗ ಫೋಟೊ ಅಲ್ಲೇ ತೆಗೆದರು. ಪಾಸ್‌ಪೋರ್ಟ್ ಕೇಂದ್ರದಲ್ಲೂ ಅಲ್ಲೇ ತೆಗೆಯೋಕೆ ಶುರು ಮಾಡಿದರು. ಮೊಬೈಲು ಕೊಂದಿತು ಅಂತ ಎಲ್ಲರೂ ಹೇಳ್ತಾರೆ. ಆ ಕೌಂಟರುಗಳ ಪುಟ್ಟ ವೆಬ್‌ಕ್ಯಾಮೆರಾ ಕೊಟ್ಟ ಪೆಟ್ಟನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. 2012ರ ಜನವರಿಯಲ್ಲಿ ಕೊಡ್ಯಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿದ ಸುದ್ದಿ ದೊಡ್ಡಪ್ಪ ಪೇಪರಿನಲ್ಲಿ ಓದಿದರು. ಕವಳ ಹಾಕ್ಕೊಂಡು ಸುಮ್ಮನೆ ಕೂತರು. ಮರುದಿನ ಕಿಟಕಿಯ ಹಳದಿ ಸ್ಟಿಕ್ಕರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಕಿತ್ತು ಹಾಕಲಿಲ್ಲ.

ಈಗ ಅಟ್ಟದ ವಿಷಯ.

ಡಬ್ಬಿ ಬಿಚ್ಚಿದರೆ ಹುಳಿ ವಾಸನೆ. ಉಪ್ಪಿನಕಾಯಿ ಕೆಟ್ಟ ಹಾಗೆ. ಹಳೇ ಫಿಲ್ಮಿನ ಪ್ಲಾಸ್ಟಿಕ್ಕು ಅಸಿಟೇಟು. ಸೆಖೆ, ಥಂಡಿ ಎರಡೂ ಸೇರಿದರೆ ಅದು ಒಡೆದು ವಿನೆಗರಿನ ಆಮ್ಲ ಬಿಡುತ್ತೆ. ಆ ಆಮ್ಲವೇ ಒಡೆಯೋದನ್ನು ಇನ್ನೂ ಜೋರು ಮಾಡುತ್ತೆ. ಪಕ್ಕದ ಡಬ್ಬಿಗೂ ತಾಗುತ್ತೆ. ಫಿಲ್ಮು ಸುರುಟಿ, ಮೇಲಿನ ಪದರ ಎದ್ದು ಬರುತ್ತೆ. ಗಾಜಿನ ಪ್ಲೇಟಿಗೆ ಆ ರೋಗ ಇಲ್ಲ, ಆದರೆ ಗಾಜಿನದ್ದು ಉಳಿದಿರೋದೇ ಸ್ವಲ್ಪ. ಕಷ್ಟಕಾಲದಲ್ಲಿ ಬಿಸಿ ಸೋಡಾ ನೀರಲ್ಲಿ ತೊಳೆದು ಫೋಟೊ ಫ್ರೇಮಿಗೆ ಗಾಜಾಗಿ ಹಾಕೋದು ಆಗ ಎಲ್ಲ ಸ್ಟುಡಿಯೊಗಳಲ್ಲೂ ನಡೀತಿತ್ತು. ಅಂದರೆ ಒಬ್ಬರ ಮೋರೆ ತೊಳೆದು ಇನ್ನೊಬ್ಬರ ಮೋರೆಗೆ ಮುಚ್ಚಳ.

ನೆಗೆಟಿವ್ ಉಳಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೈನ್ಯಾಧಿಕಾರಿ ಹಂಪಿಯನ್ನು ಮೇಣದ ಕಾಗದದ ನೆಗೆಟಿವಲ್ಲಿ ಹಿಡಿದ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವು ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಸಿಕ್ಕಮೇಲೆ ಜಾನ್ ಗೋಲಿಂಗ್ಸ್ ಅನ್ನೋ ಆಸ್ಟ್ರೇಲಿಯದವರು 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಪುನಃ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ಸವೆಯಿತು ಗೊತ್ತಾಗುತ್ತೆ. ಕಂಬಕ್ಕೆ ಈ ಅದೃಷ್ಟ ಇದ್ದರೆ ಸೋಗೆ ಹೊತ್ತವನಿಗೆ ಯಾಕಿಲ್ಲ ಅನ್ನೋದು ನನ್ನ ವಾದ.

ಆದರೆ ಎದುರು ವಾದವೂ ಹಗುರ ಅಲ್ಲ. ನನ್ನ ಚಿಕ್ಕಪ್ಪನ ಮಗ ಉತ್ಸಾಹದಲ್ಲಿ ಒಂದಿಪ್ಪತ್ತು ನೆಗೆಟಿವನ್ನು ಸ್ಕ್ಯಾನ್ ಮಾಡಿ ಫೇಸ್‌ಬುಕ್ಕಿಗೆ ಹಾಕಿದ. ಮೂರು ದಿನ ಲೈಕುಗಳ ಮಳೆ. ನಾಲ್ಕನೇ ದಿನ ಒಬ್ಬ ಹೆಂಗಸು ಫೋನ್ ಮಾಡಿದರು, ವಯಸ್ಸಾದವರು, ಈಗ ಬೇರೆ ಊರಲ್ಲಿದ್ದಾರೆ. ‘ಅದು ನನ್ನ ಫೋಟೊ. ಅದು ಯಾವ ಮನೆಗೆ ಕಳಿಸೋಕೆ ತೆಗೆಸಿದ್ದು ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ತೆಗೀರಿ’ ಅಂದರು. ಅವನು ಆ ಗಳಿಗೆಯಲ್ಲೇ ತೆಗೆದ. ಕಾನೂನು ನೋಡಿದರೆ ಅವರದ್ದೇ ಸರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಆಗದಿದ್ದರೆ, ತೆಗೆಸಿದವರದ್ದು. ದೊಡ್ಡಪ್ಪ ಆ ಕಾಯ್ದೆ ಓದಿದವರಲ್ಲ, ಆದರೆ ಯಾರಾದರೂ ಬೇರೆಯವರ ಫೋಟೊದ ಪ್ರತಿ ಕೇಳಿದರೆ ಕೊಡ್ತಿರಲಿಲ್ಲ. ‘ತಂಗೀ, ನೆಗೆಟಿವ್ ನಮ್ದು, ಮೋರೆ ಅವ್ರದ್ದು’ ಅನ್ನೋರು.

ಹಾಗಾಗಿ ಈಗ ಮನೆಯಲ್ಲಿ ಮೂರು ಪಕ್ಷ. ಒಬ್ಬರು ಸುಡೋಣ ಅಂತಾರೆ, ಯಾರ ಗುಟ್ಟೂ ಹೊರಗೆ ಹೋಗೋದಿಲ್ಲ. ಒಬ್ಬರು ಬೆಳ್ಳಿಗೆ ತೂಕಕ್ಕೆ ಕೊಡೋಣ ಅಂತಾರೆ, ಬೆಳ್ಳಿ ದರ ನೋಡಿದ್ದೀರಲ್ಲ. ನಾನು, ನನ್ನ ತಮ್ಮ, ದೊಡ್ಡಪ್ಪನ ಮಗಳು ಮೂವರು ಇಡಬೇಕು ಅನ್ನೋರು. ಇಡೋದು ಅಂದರೆ ಎಲ್ಲಿ? ತಣ್ಣಗೆ, ಒಣಗಿದ ಕೋಣೆ ಬೇಕು; ಶಿರಸಿಯಲ್ಲಿ ಎರಡೂ ಇಲ್ಲ, ಪುಣೆಯ ನನ್ನ ಎರಡು ಕೋಣೆ ಮನೆಯಲ್ಲಿ ಜಾಗ ಇಲ್ಲ. ಸದ್ಯಕ್ಕೆ ನಾವು ಮಾಡ್ತಿರೋದು ಇಷ್ಟು. ಹುಳಿ ವಾಸನೆ ಬಂದ ಡಬ್ಬಿಗಳನ್ನು ಬೇರೆ ಮಾಡಿದ್ದೇವೆ. ಡಾಕ್ಟರು ಎಕ್ಸ್‌ರೇ ನೋಡೋ ಹಳೇ ಲೈಟ್ ಪೆಟ್ಟಿಗೆ ಒಂದು ಸಿಕ್ಕಿದೆ, ಅದರ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೀತೇವೆ. ರಜೆ ಹಾಕಿ ಹೋದಾಗ ದಿನಕ್ಕೆ ಇನ್ನೂರಾಗುತ್ತೆ. ಯಾವುದನ್ನೂ ಎಲ್ಲೂ ಹಾಕೋದಿಲ್ಲ. ರಿಜಿಸ್ಟರಿನ ನಂಬರು, ಊರು, ವರ್ಷ ಮಾತ್ರ ಪಟ್ಟಿ ಮಾಡ್ತೇವೆ. ಯಾರಾದರೂ ಫೋಟೊ ಹಿಂದಿನ ನಂಬರು ಹೇಳಿ ಕೇಳಿದರೆ ಅವರ ಕೈಗೆ ಅವರದ್ದು. ಬೇಡ ಅಂದರೆ ಅವರೆದುರೇ ಕತ್ತರಿಸಿ ಕೊಡ್ತೇವೆ. ದೀಪಾವಳಿಗೆ ಪೂರ್ತಿ ಆಗೋದಿಲ್ಲ ಅನ್ನೋದು ಈಗಲೇ ಕಾಣ್ತಿದೆ, ಅದಕ್ಕೆ ಸೋಗೆಯವನ ಡಬ್ಬಿಯಿಂದ ಶುರು ಮಾಡಿದೆವು. ಮದುವೆ ಮಾಡಿಸಿದ ಮನೆಯವರ ಹತ್ತಿರ ಆಲ್ಬಂ ಇದ್ದೀತು. ಚಪ್ಪರ ಹಾಕಿದವರ ಹತ್ತಿರ ಇಲ್ಲ.

ನಿಮ್ಮಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಸೊರಬದ ಕಡೆಯವರಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ. ಬೇರೆ ಊರಿನವರಾದರೆ ನಿಮ್ಮೂರ ಸ್ಟುಡಿಯೊ ಈಗ ಏನಾಗಿದೆ, ಅಟ್ಟದ ಮೇಲೆ ಏನಿದೆ ಅಂತ ಊರಿಗೆ ಹೋದಾಗ ಒಂದು ಮಾತು ಕೇಳಿ. ಬಹಳ ಕಡೆ ಅಂಗಡಿ ಝೆರಾಕ್ಸ್, ಲ್ಯಾಮಿನೇಷನ್, ಮಗ್ಗಿನ ಮೇಲೆ ಫೋಟೊ ಅಂತ ನಡೀತಾ ಇದೆ. ಹಳೇ ಡಬ್ಬಿ ಗುಜರಿಗೆ ಹೋಗಿರೋದಿಲ್ಲ ಅನ್ನೋ ಗ್ಯಾರಂಟಿ ಇಲ್ಲ.

ಕಪಾಟಿನ ಕೆಳಖಾನೆಯಲ್ಲಿ ಬೇರೆ ಒಂದು ಕಟ್ಟಿದೆ, ಪ್ರಿಂಟು ಮಾಡಿ ಕವರಿಗೆ ಹಾಕಿಟ್ಟ ಫೋಟೊಗಳು, ಅಡ್ವಾನ್ಸ್ ಕೊಟ್ಟು ಯಾರೂ ಬಂದು ಒಯ್ಯದವು. ಕವರಿನ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ ಹೆಸರು, ಊರು, ‘ಬಾಕಿ ರೂ. 3’, ‘ಬಾಕಿ ರೂ. 1.50’. ನೂರಾ ಹದಿನಾಲ್ಕು ಕವರು. ಕಳೆದ ತಿಂಗಳು ಅದರಲ್ಲಿ ಒಂದನ್ನು ಬನವಾಸಿ ರಸ್ತೆಯ ಒಂದು ಹಳ್ಳಿಗೆ ನನ್ನ ತಮ್ಮ ಬೈಕಲ್ಲಿ ಹೋಗಿ ಕೊಟ್ಟು ಬಂದ. ಮನೆಯಲ್ಲಿದ್ದದ್ದು ಮೊಮ್ಮಗ. ಕವರು ಬಿಚ್ಚಿ ನೋಡಿ, ಒಳಗೆ ಹೋಗಿ, ಮೂರು ರೂಪಾಯಿ ಚಿಲ್ಲರೆ ತಂದು ಕೈಯಲ್ಲಿಟ್ಟನಂತೆ. ರಿಜಿಸ್ಟರಿನಲ್ಲಿ ಆ ನಂಬರಿನ ಎದುರು ‘ಸಂದಾಯ’ ಅಂತ ಬರೆದಿದ್ದೇವೆ. ಇನ್ನು ನೂರಾ ಹದಿಮೂರು ಇದೆ.